ಬಚ್ಚಪ್ಪ ಭಾವನ ಸುಲಭದ ದಾರಿಗಳು

ನಮ್ಮ ಅಕ್ಕನ ಗಂಡ ಬಚ್ಚಪ್ಪನಿಗೆ ಮೂರು ಭಾಷೆ ಬರುತ್ತದೆ. ಮನೆಯಲ್ಲಿ ಕನ್ನಡ, ಹುಣಸೆಹಣ್ಣಿನ ಮಂಡಿಯಲ್ಲಿ ತೆಲುಗು, ಆಫೀಸು ಪೊಲೀಸು ಅಂತ ಬಂದರೆ ತಮಿಳು. ಆದರೆ ಮೂರರಲ್ಲಿ ಒಂದರಲ್ಲೂ ದೂರ ಅನ್ನುವ ಮಾತು ಅವನಿಗೆ ಬರುವುದಿಲ್ಲ. ಬೇಕಾದರೆ ಕೇಳಿ ನೋಡಿ. ಅಂಚೆಟ್ಟಿ ಎಷ್ಟು ದೂರ? ಇಲ್ಲೇ. ಜವಳಗಿರಿ? ಇಲ್ಲೇ. ಕಾಶಿ ಎಷ್ಟು ದೂರ ಅಂತ ಕೇಳಿದರೂ ತಲೆ ಕೆರೆದುಕೊಂಡು, "ಇಂಗೇ ಓಗಿ ಎಡಕ್ಕೆ ತಿರುಗುದ್ರೆ ಅಲ್ಲೇಯಾ" ಅಂದಾನು.

ಭಾವ ಅಂದಮೇಲೆ ಅವರು ಅನ್ನಬೇಕು, ಅವನು ಅನ್ನಬಾರದು. ನನಗೆ ಗೊತ್ತಿಲ್ಲದ್ದೇನಲ್ಲ. ಎದುರಿಗೆ ಸಿಕ್ಕಾಗ ತಲೆ ಬಗ್ಗಿಸಿ ಮರ್ಯಾದೆಯಿಂದಲೇ ಮಾತಾಡುತ್ತೇನೆ. ಆದರೆ ಈ ವಿಷಯ ಎತ್ತಿಕೊಂಡರೆ ನನ್ನ ಹಿಮ್ಮಡಿ ಉರಿ ನೆನಪಾಗಿ ಬಾಯಿಗೆ ಅವನು ಅಂತಲೇ ಬರುತ್ತದೆ. ಮರ್ಯಾದೆ ಕೊಡುವುದೋ ಬೇಡವೋ ಅಂತ ಕೊನೆಗೆ ನೋಡೋಣ.

ಅವನ ಊರು ಸೀಗೆದೊಡ್ಡಿ, ತಮಿಳುನಾಡಿಗೆ ಸೇರಿದ ಗಡಿಯಲ್ಲಿ ಅಂಚೆಟ್ಟಿ ಕಡೆಯ ಕಾಡಂಚಿನ ಹಳ್ಳಿ. ಬಸ್ಸು ಓಡಾಡುವ ಡಾಂಬರು ರಸ್ತೆಯಲ್ಲಿ ಒಂದು ಆಲದ ಮರ ಇದೆ, ಅದೇ ಸ್ಟಾಪು. ಮರದ ಪಕ್ಕದಿಂದ ಒಂದು ಸಣ್ಣ ದಾರಿ ಕಾಡೊಳಗೆ ಸುತ್ತಿ ಸುತ್ತಿ ಹಳ್ಳಕ್ಕೆ ಇಳಿಯುತ್ತದೆ. ಹಳ್ಳದ ಮೇಲೆ ಒಂದು ಮೋರಿ. ಮೋರಿ ದಾಟಿದ ಕೂಡಲೇ ಗೋಡೆ ಹತ್ತಿದಂಥ ಏರು, ಏರಿನ ತುದಿಗೆ ಊರು. ಅಂದರೆ ಹೋಗುವಾಗಲೂ ಏರಬೇಕು, ಬರುವಾಗಲೂ ಏರಬೇಕು. ದೇವರು ಇಳಿಜಾರನ್ನೂ ಕೊಟ್ಟಿದ್ದಾನೆ, ಇಲ್ಲ ಅನ್ನುವುದಿಲ್ಲ. ಸುಸ್ತಾಗದೇ ಇರುವಾಗ ಕೊಟ್ಟಿದ್ದಾನೆ ಅಷ್ಟೆ.

ಆ ಕಡೆಯ ಹಳ್ಳಿಗಳಲ್ಲಿ ದಾರಿ ಕೇಳಿದವರಿಗೆ ದೂರ ಅನ್ನುವ ಪದ್ಧತಿಯೇ ಇಲ್ಲ. ದೂರ ಅಂದರೆ ಕೇಳಿದವನ ಕಾಲು ಅಲ್ಲೇ ಸೋಲುತ್ತದೆ, ಸೋತವನು ಕೂರುತ್ತಾನೆ, ಆನೆ ಓಡಾಡುವ ಕಾಡಲ್ಲಿ ಹೊತ್ತು ಮುಳುಗುವಾಗ ಕೂತವನು ಕೆಟ್ಟ ಅಂತ ಹಿರಿಯರ ಲೆಕ್ಕ. ಹಾಗಾಗಿ ಎಲ್ಲರೂ ಇಲ್ಲೇ ಅನ್ನುತ್ತಾರೆ, ಕೇಳಿದವನು ಇಲ್ಲೇ ಇಲ್ಲೇ ಅಂದುಕೊಂಡು ಹೇಗೋ ಮನೆ ಸೇರುತ್ತಾನೆ. ಒಳ್ಳೆಯ ಪದ್ಧತಿಯೇ. ಆದರೆ ಊರವರಿಗೆ ಅದು ಉಪಚಾರದ ಮಾತು, ನಮ್ಮ ಭಾವನಿಗೆ ಅದೇ ಕಸುಬು. ಹುಣಸೆಮರಗಳನ್ನು ಗುತ್ತಿಗೆ ಹಿಡಿದು, ಹಣ್ಣು ಬಡಿಯುವುದಕ್ಕೆ ಹೆಂಗಸರನ್ನು ಕರಕೊಂಡು ಹೋಗುವ ವ್ಯಾಪಾರ ಅವನದು. "ಮರ ಎಲ್ಲಣ್ಣ?" ಅಂದರೆ ಇಲ್ಲೇ. ಅವರನ್ನು ಎರಡು ಗುಡ್ಡ ಹತ್ತಿಸಿ ಇಳಿಸಿ ಮರದ ಬುಡಕ್ಕೆ ನಿಲ್ಲಿಸಿ, "ನಾ ಏಳ್ಲಿಲ್ವಾ?" ಅಂತ ಹಲ್ಲು ಕಿರಿಯುತ್ತಾನೆ. ತಾನು ಮಾತ್ರ ಹಳೇ ಸೈಕಲ್ಲಿನಲ್ಲಿ ಮುಂದೆ ಹೋಗಿ ನೆರಳಲ್ಲಿ ಕೂತಿರುತ್ತಾನೆ.

ಇಂಥವನು ನಮ್ಮ ಮನೆಗೆ ಹೆಣ್ಣು ನೋಡಲು ಬಂದ. ನಮ್ಮದು ಕೆಲಮಂಗಲ. ನಮ್ಮಪ್ಪನದು ಬಸ್‌ಸ್ಟ್ಯಾಂಡಿನ ಎದುರಿಗೇ ದಿನಸಿ ಅಂಗಡಿ, ಅಂಗಡಿ ಹಿಂದೆ ಮನೆ. ನಮ್ಮನ್ನು ಬೆಳಿಗ್ಗೆ ಎಬ್ಬಿಸುತ್ತಿದ್ದದ್ದು ಕೋಳಿಯಲ್ಲ, ಡೆಂಕಣಿಕೋಟೆ ಬಸ್ಸಿನ ಹಾರನ್ನು. ಅಪ್ಪ ಹುಡುಗನ ಹೊಲ ಕೇಳಲಿಲ್ಲ, ಸಾಲ ಕೇಳಲಿಲ್ಲ. ಮೊದಲು ಕೇಳಿದ್ದೇ, "ನಿಮ್ಮೂರಿಗೆ ಬಸ್ಸು ಎಷ್ಟು ದೂರ?" ಅಂತ. ಭಾವ ಲಾಡು ಬಾಯಿಗಿಟ್ಟುಕೊಳ್ಳುತ್ತಾ, "ಇಲ್ಲೇ ಮಾವ" ಅಂದ. ಇನ್ನೂ ಮಾತುಕತೆಯೇ ಆಗಿಲ್ಲ, ಆಗಲೇ ಮಾವ!

ಮದುವೆ ಮುಗಿದು ಹೆಣ್ಣು ಒಪ್ಪಿಸಿದ ಮೇಲೆ, ತಂಗಿ ಅಂತ ನನ್ನನ್ನೂ ಅಕ್ಕನ ಜೊತೆಗೆ ವ್ಯಾನು ಹತ್ತಿಸಿದರು. ನಾನಿನ್ನೂ ಸ್ಕೂಲಿಗೆ ಹೋಗುವ ಹುಡುಗಿ. ಆಲದ ಮರದ ಹತ್ತಿರ ವ್ಯಾನು ನಿಂತಿತು. ಮುಂದೆ ವ್ಯಾನು ಬರುವುದಿಲ್ಲ, ಇಲ್ಲೇ ನಡಕೊಂಡು ಹೋಗೋಣ ಅಂದ ಭಾವ. ಮನೆ ತುಂಬಿಸಿಕೊಳ್ಳುವಾಗ ಹೆಣ್ಣು ಬರಿಗಾಲಲ್ಲಿ ಇರಬೇಕು, ಹೇಗೂ ಇಲ್ಲೇ ತಾನೆ ಅಂತ ಅಕ್ಕ ಹೊಸ ಚಪ್ಪಲಿಯನ್ನು ವ್ಯಾನಿನಲ್ಲೇ ಬಿಟ್ಟು ಇಳಿದಳು. ವ್ಯಾನು ಚಪ್ಪಲಿ ಸಮೇತ ಹಿಂದಕ್ಕೆ ಹೋಯಿತು. ಆಮೇಲೆ ಶುರುವಾಯಿತು ನೋಡಿ. ಒಂದು ತಿರುವಿಗೆ ಅಕ್ಕ, "ಇನ್ನೆಷ್ಟು ದೂರ?" ಅಂದಳು. ಇಲ್ಲೇ. ಇನ್ನೊಂದು ತಿರುವಿಗೆ ಕೇಳಿದಳು. ಇಲ್ಲೇ. ಮೋರಿಯ ಹತ್ತಿರ ಅಳುತ್ತಾ ಕೇಳಿದಳು. ಆಗಲೂ, "ಇನ್ನೇನ್ ಬಂದೇ ಬುಡ್ತು ಕಣಮ್ಮಿ, ಇಲ್ಲೇ" ಅಂದ. ಮದುಮಗಳು ಊರು ಸೇರುವಷ್ಟರಲ್ಲಿ ಕಾಲಿನ ಅರಿಶಿನ ಯಾವುದು, ಧೂಳು ಯಾವುದು, ರಕ್ತ ಯಾವುದು ಗೊತ್ತಾಗುತ್ತಿರಲಿಲ್ಲ. ಅತ್ತೆ ಆರತಿ ತಟ್ಟೆ ಹಿಡಕೊಂಡು, "ಯಾಕಿಷ್ಟ್ ತಡ, ಇಲ್ಲೇ ಅಲ್ವಾ ಮರ" ಅಂದರು. ಇಡೀ ವಂಶವೇ ಹಾಗೆ!

ನಮ್ಮ ಅಕ್ಕನ ಹೆಸರು ಗಂಗರತ್ನಮ್ಮ. ಜಗಳಗಂಟಿಯಲ್ಲ, ಆದರೆ ಹಿಡಿದ ಪಟ್ಟು ಬಿಡುವವಳೂ ಅಲ್ಲ. ಅಂದಿನಿಂದ ಅವಳಿಗೆ ಬೇಕಾಗಿದ್ದದ್ದು ಒಂದೇ. ಊರ ಬಾಗಿಲಿಗೆ ಬಸ್ಸು. ಒಡವೆ ಕೇಳಲಿಲ್ಲ, ಮನೆಗೆ ತಾರಸಿ ಕೇಳಲಿಲ್ಲ. ರಾಗಿ ಮೂಟೆ, ಹುಣಸೆ ಮೂಟೆ, ರೇಷನ್ ಅಕ್ಕಿ, ಬಸುರಿ ಹೆಂಗಸರ ತೋಳು, ಎಲ್ಲವನ್ನೂ ಹೊತ್ತು ಹಿಡಿದು ಅದೇ ದಾರಿಯಲ್ಲಿ ಇಳಿದು ಹತ್ತಿ, ಈಗ ಅವಳ ಎರಡು ಮಂಡಿಯೂ ಕೂತರೆ ಏಳುವುದಿಲ್ಲ, ಎದ್ದರೆ ಕೂರುವುದಿಲ್ಲ. ಕೃಷ್ಣಗಿರಿಯ ಡಾಕ್ಟರು ಏರು ಹತ್ತಬೇಡಿ ಅಂದರು. ಹತ್ತದಿದ್ದರೆ ಮನೆಗೆ ಹೋಗುವುದು ಹೇಗೆ ಅಂತ ಅವರು ಹೇಳಲಿಲ್ಲ.

ಸಣ್ಣ ಹಳ್ಳಿಗಳಿಗೆ ಮಿನಿ ಬಸ್ಸು ಬಿಡುತ್ತಾರಂತೆ ಅಂತ ಸುದ್ದಿ ಬಂದಾಗ ಅಕ್ಕ ಊರ ಹೆಂಗಸರನ್ನೆಲ್ಲ ಕಟ್ಟಿಕೊಂಡು ಬಸ್ಸಿನ ಆಫೀಸಿಗೆ ಹೋಗಿ ಕೂತಳು. ಹೋಗಿದ್ದು ಒಂದು ಸಲ ಅಲ್ಲ. ಕಡೆಗೆ ಆಫೀಸರು ಜೀಪಿನಲ್ಲಿ ನೋಡಲು ಬಂದರು. ಸ್ಟಾಪಿನಿಂದ ಊರು ನಿಜವಾಗಿ ದೂರ ಇದ್ದರೆ ಬಸ್ಸು, ಇಲ್ಲದಿದ್ದರೆ ಇಲ್ಲ. ಜೀಪಿನಲ್ಲಿ ಕೂತು ಬಂದವರಿಗೆ ದಾರಿ ಉದ್ದ ಏನು ಗೊತ್ತಾದೀತು? ಅವರು ಮೊದಲ ಮನೆಯ ಜಗುಲಿ ಮೇಲೆ ಕೂತರು. ಅದು ನಮ್ಮ ಭಾವನ ಮನೆ. ಅಕ್ಕ ಮಜ್ಜಿಗೆ ತರಲು ಒಳಗೆ ಹೋದಳು. ಆಫೀಸರು ಎದುರಿಗಿದ್ದ ಗಂಡಸನ್ನು, "ಬಸ್ ಸ್ಟಾಪ್ ಎವ್ವಳವು ದೂರಂ?", ಅಂದರೆ ಎಷ್ಟು ದೂರ, ಅಂತ ಕೇಳಿದರು.

ಅಕ್ಕ ಮಜ್ಜಿಗೆ ಲೋಟ ಹಿಡಿದು ಬಾಗಿಲಿಗೆ ಬರುವುದಕ್ಕೂ ಭಾವ ಬಾಯಿ ತೆರೆಯುವುದಕ್ಕೂ ಸರಿಹೋಯಿತು.

"ಪಕ್ಕಂದಾನ್ ಸಾರ್" ಅಂದ.

ಪಕ್ಕಂದಾನ್ ಅಂದರೆ ಅದೇ ಇಲ್ಲೇ, ತಮಿಳು ಪಂಚೆ ಉಟ್ಟುಕೊಂಡು ಬಂದದ್ದು. ಸಾಲದು ಅಂತ, ಒಂದು ಬೀಡಿ ಹಚ್ಚಿದರೆ ಮುಗಿಯುವುದರೊಳಗೆ ಸೇರಬಹುದು ಅಂತ ಬೇರೆ ಸೇರಿಸಿದ. ಆಫೀಸರಿಗೆ ಸಂತೋಷವಾಯಿತು. ಪಕ್ಕದಲ್ಲೇ ಇರುವಾಗ ಬಸ್ಸು ಯಾಕಮ್ಮ ಅಂತ ಮಜ್ಜಿಗೆ ಕುಡಿದು ಜೀಪು ಹತ್ತಿದರು. ಬಸ್ಸು ಹೋಯಿತು. ಬರುವ ಮೊದಲೇ ಹೋದ ಬಸ್ಸು ಅದೊಂದೇ.

ಮಾರನೆಯ ಮಧ್ಯಾಹ್ನ ಭಾವ ಊಟಕ್ಕೆ ಕೂತ. ಎಲೆ ಇಲ್ಲ, ತಟ್ಟೆ ಇಲ್ಲ. "ಲೇ, ಮುದ್ದೆ ಎಲ್ಲಿ?" ಅಂದ. ಅಕ್ಕ ಅವರೆಕಾಯಿ ಬಿಡಿಸುತ್ತಾ ತಲೆ ಎತ್ತದೆ, "ಇಲ್ಲೇ ಐತೆ" ಅಂದಳು. ಒಳಗೆ ನೋಡಿದ, ಇಲ್ಲ. ಹಿತ್ತಲಲ್ಲಿ ನೋಡಿದ, ಇಲ್ಲ. ಎಲ್ಲೇ ಅಂದ, ಇಲ್ಲೇ ಅಂದಳು. ಕೊನೆಗೆ ಪಕ್ಕದ ಮನೆಯ ಕನಕಮ್ಮ ಕನಿಕರಪಟ್ಟು ಬೆರಳು ತೋರಿಸಿದಳು. ಏರು ಇಳಿದು, ಮೋರಿ ದಾಟಿ, ಕಾಡೊಳಗೆ ಸುತ್ತಿ ಹತ್ತಿ, ಆಲದ ಮರದ ಬಿಳಲಿಗೆ ಬುತ್ತಿ ಕಟ್ಟಿ ಬಂದಿದ್ದಳು ಅಕ್ಕ, ಆ ಮಂಡಿ ಇಟ್ಟುಕೊಂಡು! ಹೋದ, ತಿಂದ, ವಾಪಸು ಬಂದ. ಬುದ್ಧಿ ಬಂತೇ? ಕನಕಮ್ಮ, "ಬಾಳ ದೂರ ಆಯ್ತಾ ಅಣ್ಣ?" ಅಂತ ಕಿಚಾಯಿಸಿದ್ದಕ್ಕೆ, ಬೆವರು ಒರೆಸಿಕೊಳ್ಳುತ್ತಾ, "ಯಾವ್ ದೂರ? ಇಲ್ಲೇ" ಅಂದನಂತೆ. ನಾಯಿ ಬಾಲಕ್ಕೆ ನಳಿಗೆ ಹಾಕಿದರೆ ನಳಿಗೆಯೇ ಡೊಂಕಾಗುತ್ತದೆ.

ಇಷ್ಟಕ್ಕೇ ನಿಂತಿದ್ದರೆ ಅವನೊಬ್ಬ ಊರ ಮಟ್ಟದ ಸುಳ್ಳನಾಗಿ ಉಳಿಯುತ್ತಿದ್ದ. ಅವನನ್ನು ಜಿಲ್ಲೆ ಮಟ್ಟಕ್ಕೆ ಏರಿಸಿದ್ದು ರಾಜೇಶ್.

ನಾನು ಮದುವೆಯಾಗಿ ಹೊಸೂರಿನಲ್ಲಿದ್ದೇನೆ, ಒಂದು ಫ್ಯಾಕ್ಟರಿ ಆಫೀಸಿನಲ್ಲಿ ಕೆಲಸ. ನಮ್ಮ ಮನೆಯ ಮೇಲಿನ ಮಹಡಿಯಲ್ಲಿರುವವನು ಈ ರಾಜೇಶ್. ತುಮಕೂರು ಕಡೆಯಿಂದ ಕಾರ್ಖಾನೆ ಕೆಲಸಕ್ಕೆ ಬಂದು, ಕೆಲಸ ಬಿಟ್ಟು ಸೈಕಲ್ ಅಂಗಡಿ ಇಟ್ಟ. ನೀವು ನಾವು ತುಳಿಯುವ ಸೈಕಲ್ಲಲ್ಲ. ಬೆರಳಲ್ಲಿ ಎತ್ತಬಹುದು, ಕೂತರೆ ಮಾತ್ರ ಸೀಟು ಎಲ್ಲಿದೆ ಅಂತ ಹುಡುಕಬೇಕು, ಅಂಥವು. ಒಂದು ಸಲ ಅವನು ಕಡಲ ತೀರದ ಒಂದು ಪಕ್ಷಿಧಾಮ ನೋಡಿಕೊಂಡು ಬಂದ. ಅಲ್ಲಿ ಹಿನ್ನೀರಿನ ಪಕ್ಕದಲ್ಲೇ ಅಂಗೈ ಹಾಗೆ ಸಮತಟ್ಟಾದ ದಾರಿಗಳಂತೆ, ಒಂದು ಕಡೆ ಕೊಕ್ಕರೆ, ಇನ್ನೊಂದು ಕಡೆ ತೆಂಗು, ಅಜ್ಜಿ ತಾತಂದಿರು ಐಸ್‌ಕ್ರೀಂ ತಿನ್ನುತ್ತಾ ಸೈಕಲ್ ತುಳಿಯುತ್ತಾರಂತೆ.

"ಅದನ್ನೇ ಇಲ್ಲಿ ಮಾಡ್ಬೇಕು ಮೇಡಂ. ನಮ್ಮ ಕಾಡಲ್ಲಿ ಈಸಿ ಸೈಕಲ್ ರೂಟು!"

"ಸಮುದ್ರ?" ಅಂದೆ.

"ಅದೊಂದಿಲ್ಲ ನೋಡಿ. ಮಿಕ್ಕಿದ್ದೆಲ್ಲಾ ಇದೆ."

ಸಮುದ್ರದ ಜೊತೆಗೆ ಸಮತಟ್ಟೂ ಇಲ್ಲ ಅಂತ ನಾನು ಹೇಳುವುದರೊಳಗೆ ನಮ್ಮ ಯಜಮಾನರು, ಆ ಕಡೆಯ ದಾರಿಯೆಲ್ಲ ನಮ್ಮ ಬಚ್ಚಪ್ಪಣ್ಣನಿಗೆ ಗೊತ್ತು ಅಂದುಬಿಟ್ಟರು. ರಾಜೇಶ್ ಮಾರನೆಯ ದಿನವೇ ಸೀಗೆದೊಡ್ಡಿಗೆ ಜೀಪು ಹತ್ತಿದ. ಭಾವನನ್ನು ಕೂರಿಸಿಕೊಂಡು ಒಂದೊಂದೇ ದಾರಿ ಕೇಳಿದ. ಯಾವುದು ಸುಲಭ, ಯಾವುದು ಮಧ್ಯಮ, ಯಾವುದು ಕಷ್ಟ? ಕಷ್ಟ ಅನ್ನುವ ಮಾತು ಕೇಳಿ ಭಾವನಿಗೆ ಅವಮಾನವಾಯಿತು. ನಮ್ಮ ದಾರಿಗೆ ಏನಾಗಿದೆ ಅಂತ ರೇಗಿದ. ಹಳ್ಳದ ದಾರಿ ಸುಲಭ, ಹುಲಿಗುಡ್ಡದ ದಾರಿ ಸುಲಭ, ಮೇಕೆಯೂ ಹಿಂದೆಮುಂದೆ ನೋಡುವ ಬಂಡೆ ದಾರಿ ಇನ್ನೂ ಸುಲಭ. "ಆನೆ?" ಅಂದ ರಾಜೇಶ್. "ಅದು ಪಾಪ ತನ್ನ ಪಾಡಿಗೆ ತಾನು ಓಯ್ತದೆ. ಅದ್ಕೂ ಈ ದಾರಿ ಸಲೀಸು ಅಂತಾನೇ ಬತ್ತದೆ" ಅಂದ ಭಾವ.

ಆಲದ ಮರದ ಕೆಳಗೆ ದೊಡ್ಡ ಬೋರ್ಡು ಎದ್ದಿತು. ಸುಲಭ ಸೈಕಲ್ ದಾರಿ, ಕುಟುಂಬ ಸಮೇತ ಬನ್ನಿ ಅಂತ ಮೂರು ಭಾಷೆಯಲ್ಲಿ. ಚಿತ್ರವನ್ನು ರಾಜೇಶ್ ಕಡಲ ತೀರದ ಫೋಟೋದಿಂದಲೇ ಎತ್ತಿದ್ದ. ಹೀಗಾಗಿ ಅಂಚೆಟ್ಟಿ ಕಾಡಿನ ನಡುವೆ ನೀಲಿ ನೀರು, ಬಾಗಿದ ತೆಂಗಿನ ಮರ, ಒಂಟಿ ಕಾಲಿನ ಕೊಕ್ಕರೆ. ವಾರದೊಳಗೆ ಯಾವುದೋ ಆನೆ ಅದಕ್ಕೆ ಬೆನ್ನು ತುರಿಸಿಕೊಂಡು ಒಂದು ಪಕ್ಕಕ್ಕೆ ವಾಲಿಸಿತು. ಬಸ್ಸು ಕೇಳಿದ ಊರಿಗೆ ಬಂದದ್ದು ಇದು.

ಭಾನುವಾರ ಭಾನುವಾರ ಹೊಸೂರಿನಿಂದ, ಬೆಂಗಳೂರಿನಿಂದ ಜನ ಬರತೊಡಗಿದರು. ಮೈಗಂಟಿದ ಬಟ್ಟೆ, ಕಪ್ಪು ಕನ್ನಡಕ, ತಲೆಗೆ ಮೊರದಂಥ ಹೆಲ್ಮೆಟ್ಟು. ಆಲದ ಮರದಿಂದ ಮೋರಿವರೆಗೆ ಇಳಿಜಾರಲ್ಲಿ ಕೇಕೆ ಹಾಕುತ್ತಾ ಬರುತ್ತಿದ್ದರು. ಮೋರಿ ದಾಟಿದ ಮೇಲೆ ಕೇಕೆ ನಿಲ್ಲುತ್ತಿತ್ತು. ಏರಿನ ನಡುವೆ ಒಬ್ಬೊಬ್ಬರೇ ಇಳಿದು, ಲಕ್ಷ ಬೆಲೆಯ ಸೈಕಲ್ಲನ್ನು ಸತ್ತ ಕರುವಿನ ಹಾಗೆ ಎಳೆದುಕೊಂಡು, ನಾಲಿಗೆ ಹೊರಗೆ ಹಾಕಿ ಅಕ್ಕನ ಜಗುಲಿಗೆ ಬಂದು ಬೀಳುತ್ತಿದ್ದರು. ಏರಿನುದ್ದಕ್ಕೂ ಭಾವ ಪಕ್ಕದಲ್ಲೇ ನಡೆಯುತ್ತಾ ಇಲ್ಲೇ ಸಾರ್, ಇಲ್ಲೇ ಮೇಡಂ ಅನ್ನುತ್ತಿದ್ದ. ಅಕ್ಕ ಬಿಂದಿಗೆಗಟ್ಟಲೆ ನೀರು ಕೊಟ್ಟು ಕೊಟ್ಟು ಸಾಕಾಗಿ, "ಇವರೆಲ್ಲಾ ಏನ್ ತಪ್ ಮಾಡವ್ರೆ ಅಂತ ಈ ಸಿಕ್ಷೆ?" ಅಂತ ನನಗೆ ಫೋನು ಮಾಡುತ್ತಿದ್ದಳು.

ಇಂಥ ಸುಳ್ಳು ಒಂದು ತಿಂಗಳಲ್ಲಿ ಬಯಲಾಗಬೇಕಿತ್ತಲ್ಲವೇ? ಆಗಲಿಲ್ಲ. ಯಾಕೆಂದರೆ ಬೋರ್ಡಿನಲ್ಲಿ ಸುಲಭ ಅಂತ ಬರೆದಿತ್ತು. ಸುಲಭದ ದಾರಿಯಲ್ಲಿ ತನಗೆ ಸುಸ್ತಾಯಿತು ಅಂತ ಯಾವ ಮ್ಯಾನೇಜರು ಒಪ್ಪಿಕೊಳ್ಳುತ್ತಾನೆ? ನಮ್ಮ ಆಫೀಸಿನ ಯತಿರಾಜ್ ಅಲ್ಲಿಗೆ ಹೋಗಿ ಬಂದು ಎರಡು ದಿನ ಮೆಟ್ಟಿಲು ಇಳಿಯಲಾಗದೆ ಲಿಫ್ಟಿನಲ್ಲೇ ಓಡಾಡಿದ. ಫೋನಿನಲ್ಲಿ ಮಾತ್ರ, 'ತುಂಬಾ ಈಸಿ, ಆರಾಮಾಗಿತ್ತು, ಮಕ್ಕಳನ್ನೂ ಕರಕೊಂಡು ಹೋಗಬಹುದು' ಅಂತ ಬರೆದು ಐದು ನಕ್ಷತ್ರ ಕೊಟ್ಟ. ಅವನ ಮಾತು ನಂಬಿ ಇನ್ನೊಬ್ಬ ಹೋದ, ಸತ್ತು ಕೆಟ್ಟು ಬಂದು ಅವನೂ ಆರಾಮಾಗಿತ್ತು ಅಂದ. ಸೀಗೆದೊಡ್ಡಿಯ ಜನ ದಯೆಯಿಂದ ಹೇಳುತ್ತಿದ್ದ ಸುಳ್ಳನ್ನು ಓದಿದವರು ಜಂಬದಿಂದ ಹೇಳಿದರು. ಒಟ್ಟಿನಲ್ಲಿ ದಾರಿ ದಿನದಿನಕ್ಕೆ ಸುಲಭವಾಗುತ್ತಾ ಹೋಯಿತು. ಅಕ್ಕನ ಮಂಡಿಗೆ ಮಾತ್ರ ಯಾರೂ ಅದನ್ನು ಹೇಳಲಿಲ್ಲ.

ಈ ಸುದ್ದಿ ಬಸ್ಸಿನ ಆಫೀಸಿನವರೆಗೂ ಹೋಯಿತು. ಆ ಆಫೀಸರಿಗೆ ಹೊಟ್ಟೆ ಕರಗಿಸಿ, ಸೈಕಲ್ ತುಳಿಯಿರಿ ಅಂತ ಡಾಕ್ಟರು ಹೇಳಿದ್ದರಂತೆ. ಸುಲಭದ ದಾರಿ ಎಲ್ಲಿದೆ ಅಂತ ವಿಚಾರಿಸಿ ರಾಜೇಶನ ಅಂಗಡಿಗೇ ಬಂದರು. ರಾಜೇಶ್ ಹಿರಿಹಿರಿ ಹಿಗ್ಗಿ, ಸಾಹೇಬರು ಬರುತ್ತಾರೆ, ಮಜ್ಜಿಗೆ ರೆಡಿ ಇಡಿ ಅಂತ ಅಕ್ಕನಿಗೆ ಫೋನು ಮಾಡಿದ. ಅಕ್ಕ ಯಾವ ಸಾಹೇಬರು ಅಂತ ಕೇಳಿ ತಿಳಿದುಕೊಂಡಳು. ಆಮೇಲೆ ನನಗೆ ಫೋನು ಮಾಡಿ, "ಸರಳಾ, ಭಾನ್ವಾರ ಬಂದ್ಬುಡು. ಚಪ್ಲಿ ಗಟ್ಟಿ ಇರೋದ್ ಆಕ್ಕೊಂಡ್ ಬಾ" ಅಂದಳು.

ಆಫೀಸರು ಬಂದರು. ಅಂದರೆ, ಮೋರಿವರೆಗೆ ಅವರು ಬಂದರು, ಅಲ್ಲಿಂದ ಮೇಲಕ್ಕೆ ಅವರನ್ನು ತರಲಾಯಿತು. ಜಗುಲಿ ಮೇಲೆ ಅಂಗಾತ ಮಲಗಿ ಬಹಳ ಹೊತ್ತು ತೊಲೆ ಎಣಿಸಿದರು. ಕುಡಿದ ಮಜ್ಜಿಗೆ ಬೆವರಾಗಿ ಹೊರಗೆ ಬಂತು. ಕೊನೆಗೆ ಎದ್ದು ಕೂತು, ಇನ್ನು ಸೈಕಲ್ ತುಳಿಯಲಾರೆ, ಜೀಪು ಕರೆಸಿ ಅಂದರು. ಜೀಪು ರಿಪೇರಿಯಲ್ಲಿದೆ, ವ್ಯಾನು ಆಲದ ಮರದ ಹತ್ತಿರ ನಿಂತಿದೆ, ಅದು ಈ ದಾರಿಗೆ ಇಳಿಯುವುದಿಲ್ಲ ಅಂತ ರಾಜೇಶ್ ಗುಸುಗುಸು ಮಾಡಿದ. ಆಫೀಸರು ಗಾಬರಿಯಾಗಿ ಸುತ್ತ ನೋಡಿದರು. ಕಣ್ಣಿಗೆ ಬಿದ್ದದ್ದು ನಮ್ಮ ಭಾವ.

"ಆ ಮರ... ಎವ್ವಳವು ದೂರಂ?"

"ಪಕ್ಕಂದಾನ್ ಸಾರ್" ಅಂದ ಭಾವ.

ಅಕ್ಕ ಇದಕ್ಕೇ ಕಾದಿದ್ದಳು. "ಕೇಳುದ್ರಲ್ಲ ಸಾರ್, ಪಕ್ಕಂದಾನ್. ನಾವೂ ಅಲ್ಲಿಗೇ ಓಗ್ಬೇಕು, ಬನ್ನಿ ಜೊತೇಲಿ" ಅಂದಳು. ಅಷ್ಟರಲ್ಲಿ ಕನಕಮ್ಮ ಮುಂತಾದ ಹೆಂಗಸರು ತಲೆಗೆ ಹುಣಸೆ ಮೂಟೆ ಹೊತ್ತು ಅಂಗಳದಲ್ಲಿ ನಿಂತಿದ್ದರು. ಆಫೀಸರನ್ನು ನಡುವೆ ಹಾಕಿಕೊಂಡು ಹೊರಟೆವು. ಅಕ್ಕ ಒಂದು ಕೈಯಲ್ಲಿ ಕೋಲು ಊರಿಕೊಂಡು, ಇನ್ನೊಂದು ಕೈಯನ್ನು ನನ್ನ ಹೆಗಲ ಮೇಲೆ ಹಾಕಿ ಅವರ ಪಕ್ಕದಲ್ಲೇ ಇಳಿದಳು. ಪ್ರತಿ ಹೆಜ್ಜೆಗೂ ಅವಳ ಬೆರಳು ನನ್ನ ಭುಜಕ್ಕೆ ನಾಟುತ್ತಿತ್ತು. ಮೋರಿ ದಾಟಿ ಕಾಡಿನ ಏರು ಶುರುವಾದ ಮೇಲೆ ಆಫೀಸರು ಒಂದೊಂದು ತಿರುವಿಗೂ ನಿಂತು ಎವ್ವಳವು ದೂರಂ ಅನ್ನುವರು, ಭಾವ ಪಕ್ಕಂದಾನ್ ಅನ್ನುವ. ಮೊದಲು ಕೋಪದಿಂದ ಕೇಳುತ್ತಿದ್ದರು. ಆಮೇಲೆ ಬೇಡಿಕೊಳ್ಳುವ ಹಾಗೆ ಕೇಳಿದರು. ಕೊನೆಗೆ ಕೇಳುವುದನ್ನೇ ಬಿಟ್ಟು ಅಕ್ಕನ ಕೋಲಿನ ಕಡೆಗೂ ಕನಕಮ್ಮನ ತಲೆ ಮೇಲಿನ ಮೂಟೆ ಕಡೆಗೂ ನೋಡುತ್ತಾ ಬಂದರು.

ಆಲದ ಮರ ಬಂತು. ಆಫೀಸರು ತೆಂಗು ಕೊಕ್ಕರೆಯ ಬೋರ್ಡಿಗೆ, ಆನೆ ಒರಗಿದ ಕಡೆಯೇ ಒರಗಿ ಕೂತರು. "ದಿನಾ ಹೀಗೇನಾ ಅಮ್ಮಾ?" ಅಂದರು. ಅಕ್ಕ ಹೌದು ಅಂದಳು. ಅವರು ಹಣೆ ಒರೆಸಿಕೊಂಡು, "ಬಸ್ ವರುಂ" ಅಂದರು.

ಹೇಳಿದಂತೆ ದಾರಿ ಅಗಲ ಮಾಡಿಸಿದರು, ಬಸ್ಸು ಬಂತು ಕೂಡ, ಅದೂ ನಾವು ನಂಬದಷ್ಟು ಬೇಗ. ಮೊದಲ ದಿನ ಅಕ್ಕನನ್ನು ಅಂಚೆಟ್ಟಿಯಿಂದಲೇ ಬಸ್ಸಿನಲ್ಲಿ ಕರೆತರಬೇಕು ಅಂತ ಊರವರ ತೀರ್ಮಾನ. ನಾನೂ ರಜೆ ಹಾಕಿ ಹೋದೆ. ಅಕ್ಕ ರೇಷ್ಮೆ ಸೀರೆ ಉಟ್ಟು ಕಿಟಕಿ ಪಕ್ಕ ಕೂತಳು, ಕಾಲಲ್ಲಿ ಹೊಸ ಚಪ್ಪಲಿ. ಮೇಲೆ ಊರಲ್ಲಿ ಕನಕಮ್ಮ ಆರತಿ, ತೆಂಗಿನಕಾಯಿ, ಚಕ್ರಕ್ಕೆ ಇಡಲು ನಿಂಬೆಹಣ್ಣು ಎಲ್ಲ ಹಿಡಿದು ಕಾಯುತ್ತಿದ್ದಳು. ಡ್ರೈವರು ಈ ಕಡೆಗೆ ಹೊಸಬ, ಕೃಷ್ಣಗಿರಿಯ ಬಯಲಲ್ಲಿ ಓಡಿಸಿ ಅಭ್ಯಾಸ. ದಾರಿ ತೋರಿಸುವುದಕ್ಕೆ ಅಂತ ಮುಂದಿನ ಸೀಟಿನಲ್ಲಿ ಯಾರು ಕೂತಿದ್ದರು ಅಂತ ಬೇರೆ ಹೇಳಬೇಕೇ?

ಕಾಡಿನ ತಿರುವುಗಳನ್ನು ಇಳಿದು ಬಸ್ಸು ಮೋರಿ ದಾಟಿತು. ಅಲ್ಲಿ ಸ್ವಲ್ಪ ಅಗಲವಾದ ಜಾಗ ಇದೆ. ಎದುರಿಗೆ ಏರು ಕಂಡದ್ದೇ ಡ್ರೈವರು ಬಸ್ಸು ನಿಲ್ಲಿಸಿ, "ಊರು ಎವ್ವಳವು ದೂರಂ?" ಅಂತ ಕೇಳಿದ.

ಅಕ್ಕ ಸೀಟಿನಿಂದ ಎದ್ದಳು. "ಬಚ್ಚಪ್ಪ!" ಅಂತ ಗಂಡನ ಹೆಸರು ಹಿಡಿದೇ ಕೂಗಿದಳು. ತಡವಾಗಿತ್ತು.

"ಪಕ್ಕಂದಾನ್" ಅಂದಿದ್ದ ಭಾವ.

ಹಾಗಾದರೆ ಇದೇ ಕೊನೇ ಸ್ಟಾಪು, ತಿರುಗಿಸಲು ಜಾಗವೂ ಇದೆ ಅಂದ ಡ್ರೈವರು. ಎಲ್ಲರನ್ನೂ ಇಳಿಸಿ, ಬಸ್ಸು ತಿರುಗಿಸಿ, ಹಾರನ್ನು ಹೊಡೆದು ಆಲದ ಮರದ ಕಡೆಗೆ ಹೊರಟೇಹೋದ. ಅಲ್ಲಿ ನಿಂತು, ಹೊತ್ತಾದ ಮೇಲೆ ಅಂಚೆಟ್ಟಿಗೆ ವಾಪಸು ಹೋಗುವವನು. ಮೇಲಿನಿಂದ ಊರವರ ತಮಟೆ ಸದ್ದು ಕೇಳುತ್ತಿತ್ತು. ಬಸ್ಸು ಇನ್ನೇನು ಬಂತು ಅಂತ ಬಾರಿಸುತ್ತಿದ್ದರು. ನನಗೆ ಬಂದ ಸಿಟ್ಟಿಗೆ ಭಾವನನ್ನು ಹಳ್ಳಕ್ಕೆ ನೂಕಿಬಿಡಬೇಕು ಅನ್ನಿಸಿತು. ನಿಜವಾಗಿಯೂ ಅನ್ನಿಸಿತು.

ಅಕ್ಕ ಮೋರಿ ಕಟ್ಟೆ ಮೇಲೆ ಕೂತಳು. ಭಾವ ಹತ್ತಿರ ಬಂದು, "ಏಳಮ್ಮಿ, ಇನ್ನೇನ್..." ಅಂತ ಶುರುಮಾಡಿದ.

"ಯಾಕ್ ನಿಲ್ಲುಸ್ದೆ? ಮಾತ್ ಪೂರ್ತಿ ಮಾಡು" ಅಂದಳು ಅಕ್ಕ. "ಮದ್ವೆ ದಿನ ಇದೇ ಜಾಗದಲ್ಲಿ ಅಳ್ತಾ ಕೇಳ್ದೆ. ಇಲ್ಲೇ ಅಂದೆ. ಯಾಕಂಗಂದೆ?"

ಭಾವ ಹಳ್ಳದ ಕಡೆಗೆ ತಿರುಗಿಕೊಂಡ. "ದೂರ ಅಂದಿದ್ರೆ ನೀನು ವಾಪಸ್ ಓಗ್ಬುಡ್ತೀಯೇನೋ ಅಂತ ಬಯ ಆಗಿತ್ತು."

"ನಾನ್ಯಾಕ್ ಓಗ್ಲಿ? ದೂರ ಅಂದಿದ್ರೂ ಬತ್ತಿದ್ದೆ ಕಣಯ್ಯ ನಾನು. ಚಪ್ಲಿ ಆಕ್ಕೊಂಡ್ ಬತ್ತಿದ್ದೆ, ಅಷ್ಟೇ."

ಅಕ್ಕನ ಕಣ್ಣಲ್ಲಿ ನೀರು ಬಂತು. ನನಗೂ ಬಂತು. ಭಾವ ಪಂಚೆ ಎತ್ತಿ ಕಟ್ಟಿ, ಮೋರಿ ದಾಟಿ ಆಲದ ಮರದ ದಾರಿ ಹಿಡಿದ. ಅವತ್ತು ಸೈಕಲ್ಲೂ ಇರಲಿಲ್ಲ. ಮೊದಲ ತಿರುವಿನವರೆಗೆ ಓಡಿದ. ಎರಡನೆಯದರಲ್ಲಿ ಮಂಡಿ ಮೇಲೆ ಕೈ ಇಟ್ಟು ನಿಂತದ್ದು ಮರಗಳ ಸಂದಿಯಲ್ಲಿ ಕಂಡಿತು. ಆಮೇಲೆ ಕಾಣಲಿಲ್ಲ.

ಮೇಲಿನ ತಮಟೆ ನಿಂತುಹೋಯಿತು. ನಡೆದೇ ಹೋಗೋಣ ಬಾ ಅಂತ ಅಕ್ಕನ ಕೈ ಹಿಡಿದೆ. "ತಡಿ" ಅಂದಳು.

ಬಹಳ ಹೊತ್ತಾದ ಮೇಲೆ ಕಾಡೊಳಗಿಂದ ಹಾರನ್ನು ಕೇಳಿತು. ಬಸ್ಸು ತಿರುವು ತಿರುವು ಇಳಿದು ಬಂದು ಮೋರಿ ದಾಟಿ ನಮ್ಮ ಮುಂದೆ ನಿಂತಿತು. ಬಾಗಿಲಲ್ಲಿ ಭಾವ ನೇತಾಡುತ್ತಿದ್ದರು, ಅಂಗಿ ಬೆವರಿಗೆ ಅಂಟಿಕೊಂಡು, ಮುಖ ಕೆಂಪಾಗಿ. ಅವರು ಮರದ ಹತ್ತಿರ ಬಂದು ನೆಲಕ್ಕೆ ಕುಸಿದರು, ಉಸಿರು ಸಿಕ್ಕಿದ ಮೇಲೆ ಮೊದಲು ಹೇಳಿದ್ದೇ ರೊಂಬ ದೂರಂ, ಬಹಳ ದೂರ ಅಂತ ಆಮೇಲೆ ಡ್ರೈವರೇ ನನಗೆ ಹೇಳಿದ. ಹೂಂ, ಈಗ ಅವರು ಅನ್ನುತ್ತಿದ್ದೇನೆ. ಕೊಡಬೇಕಾದ ಮರ್ಯಾದೆ ಕೊಟ್ಟುಬಿಡೋಣ.

ಭಾವ ಕೆಳಗಿಳಿದು ಕೈ ಚಾಚಿದರು. ಅಕ್ಕ ಎದ್ದಳು, ಆದರೆ ಮೆಟ್ಟಿಲ ಮೇಲೆ ಕಾಲಿಡಲಿಲ್ಲ.

"ಊರು ಇನ್ನೆಷ್ಟು ದೂರ?" ಅಂದಳು.

"ದೂರ ಐತೆ ಕಣಮ್ಮಿ" ಅಂದರು ಭಾವ. "ಅತ್ತಿ ಕೂತ್ಕೋ."